ಶಟರ್ ಇಳಿದ ಮೇಲೂ ಕ್ಯಾಮೆರಾ ಯಾಕೆ? ಮುಂಬಯಿಯ ಕನ್ನಡಿಗ ಹೋಟೆಲ್ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮುಂಬಯಿ, ಠಾಣೆ, ನವಿ ಮುಂಬಯಿಯಲ್ಲಿ ಹೋಟೆಲ್ ನಡೆಸುತ್ತಿರುವ ನಮ್ಮೂರ ಮಾಲೀಕರೆಲ್ಲರಿಗೆ,

ಸವಿನಯ ನಮಸ್ಕಾರಗಳು.

ನಾನು ನಿಮ್ಮ ಹೋಟೆಲ್ ಲೈನಿನವನೇ. ಬೈಂದೂರು ಕಡೆಯಿಂದ ಬಂದೆ. ಮೋರಿಯಲ್ಲಿ, ಎಂದರೆ ಹೋಟೆಲಿನ ತೊಳೆಯುವ ಜಾಗದಲ್ಲಿ, ಪಾತ್ರೆ ತೊಳೆದೆ, ಟೇಬಲ್ ಒರೆಸಿದೆ, ರಾತ್ರಿ ಶಾಲೆಗೆ ಹೋದೆ, ವೇಟರ್ ಆದೆ. ಈಗ ಗಲ್ಲೆಯಲ್ಲಿ, ಎಂದರೆ ಕ್ಯಾಶ್ ಕೌಂಟರಿನಲ್ಲಿ, ಕೂರುವ ಮ್ಯಾನೇಜರ್. ತುಂಬ ವರ್ಷ ಫೋರ್ಟ್ ಕಡೆಯ ಹೋಟೆಲಿನಲ್ಲಿದ್ದೆ. ಕೋರ್ಟಿನ ವಕೀಲರು ಚಹಾ ಕುಡಿಯುತ್ತಾ ಕೇಸುಗಳ ಬಗ್ಗೆ ಮಾತಾಡುತ್ತಿದ್ದರು. ನನಗೆ ಗೊತ್ತಿರುವ ಅಷ್ಟಿಷ್ಟು ಕಾನೂನು ಅಲ್ಲಿ ಕಿವಿಗೆ ಬಿದ್ದದ್ದು, ಆಮೇಲೆ ಓದಿ ಖಾತ್ರಿ ಮಾಡಿಕೊಂಡದ್ದು.

ಪತ್ರದ ಕೆಳಗೆ ನನ್ನ ಹೆಸರಿಲ್ಲ. ಯಾವ ಹೋಟೆಲಿನ ಹೆಸರೂ ಇಲ್ಲ. ಒಂದೇ ಹೋಟೆಲಿನ ಮಾತಾಗಿದ್ದರೆ ಆ ಸೇಠ್ರ ಹತ್ತಿರ ಕೂತು ಮಾತಾಡಿ ಮುಗಿಸುತ್ತಿದ್ದೆ. ಇದು ಈಗ ಲೈನಿನ ಪದ್ಧತಿಯೇ ಆಗಿಬಿಟ್ಟಿದೆ. ಅದಕ್ಕೇ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ವಿಷಯ ಇದು. ಹುಡುಗರು ಮಲಗುವ ಜಾಗದಲ್ಲಿ ಕ್ಯಾಮೆರಾ ಹಾಕಬೇಡಿ. ಹಾಕಿದ್ದರೆ ತೆಗೆಸಿ. ಅವರ ಫೋನು, ಆಧಾರ್ ಕಾರ್ಡು, ಬೆರಳಚ್ಚು, ಕಾಯಿಲೆ ಕಸಾಲೆ, ಇವೆಲ್ಲ ಹೋಟೆಲಿನ ಸಾಮಾನು ಎಂಬ ಹಾಗೆ ಕೈಯಾಡಿಸಬೇಡಿ. ಯಾಕೆ ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಾಳ್ಮೆ ಇರಲಿ.

ನಾನು ಕ್ಯಾಮೆರಾದ ವಿರೋಧಿ ಅಲ್ಲ. ನನ್ನ ತಲೆಯ ಮೇಲೇ ಒಂದಿದೆ. ಗಲ್ಲೆಯಲ್ಲಿ ಕೂತವನ ಕೈ ಪೆಟ್ಟಿಗೆಗೆ ಹೋಗುವುದು, ಬರುವುದು ಎಲ್ಲ ಅದರಲ್ಲಿ ಕಾಣುತ್ತದೆ. ಕಾಣಲಿ. ದುಡ್ಡು ನಿಮ್ಮದು. ಕಿಚನ್‌ನಲ್ಲಿ ಗ್ಯಾಸ್ ಇದೆ, ಬೆಂಕಿ ಇದೆ, ಅಲ್ಲಿಯೂ ಬೇಕು. ಒಮ್ಮೆ ಒಬ್ಬ ಗಿರಾಕಿ ತನ್ನ ಫೋನ್ ಹೋಯಿತು ಎಂದು ನಮ್ಮ ವೇಟರ್ ಮೇಲೆ ಗೂಬೆ ಕೂರಿಸಿದರು. ಪೊಲೀಸರು ಬರುವವರೆಗೂ ಮಾತು ಬೆಳೆಯಿತು. ರೆಕಾರ್ಡಿಂಗ್ ಹಾಕಿ ನೋಡಿದರೆ ಫೋನನ್ನು ಅವರೇ ತಮ್ಮ ಚೀಲದ ಸೈಡಿಗೆ ತುರುಕಿದ್ದು ಕಾಣಿಸಿತು. ಅವತ್ತು ಆ ಹುಡುಗನ ಮಾನ ಉಳಿಸಿದ್ದು ಕ್ಯಾಮೆರಾ. ಇದನ್ನು ನಾನು ಮರೆಯುವುದಿಲ್ಲ.

ನನ್ನ ತಕರಾರು ಇರುವುದು ಶಟರ್ ಇಳಿದ ಮೇಲಿನ ಹೊತ್ತಿಗೆ.

ಬೇರೆ ಕೆಲಸದಲ್ಲಿ ಮನುಷ್ಯ ಡ್ಯೂಟಿ ಮುಗಿಸಿ ಮನೆಗೆ ಹೋಗುತ್ತಾನೆ. ಮುಂಬಯಿ ಹೋಟೆಲಿನ ಹುಡುಗ ಎಲ್ಲಿಗೆ ಹೋಗುತ್ತಾನೆ? ಈ ಊರಿನ ಬಾಡಿಗೆ ನಿಮಗೂ ಗೊತ್ತು, ನಮಗೂ ಗೊತ್ತು. ರಾತ್ರಿ ಹನ್ನೆರಡಕ್ಕೆ ಕೊನೆಯ ಗಿರಾಕಿ ಎದ್ದು ಹೋಗುತ್ತಾರೆ. ಶಟರ್ ಅರ್ಧ ಇಳಿಯುತ್ತದೆ. ನೆಲ ತೊಳೆದಾಗುತ್ತದೆ. ಆಮೇಲೆ ಟೇಬಲ್‌ಗಳನ್ನು ಜೋಡಿಸಿ ಮೇಲೆ ಚಾಪೆ ಹಾಸಿದರೆ ಅದೇ ಹಾಸಿಗೆ. ಕೆಲವರು ಮೇಲಿನ ಮಾಳಿಗೆಗೆ ಹೋಗುತ್ತಾರೆ. ಕೆಲವು ಹೋಟೆಲಿನಲ್ಲಿ ಹಿಂದುಗಡೆ ಒಂದು ಖೋಲಿ, ಅದರಲ್ಲಿ ಎಂಟು ಹತ್ತು ಜನ. ಬೆವರಿನ ಅಂಗಿ ಬಿಚ್ಚುವುದು ಅಲ್ಲೇ, ಲುಂಗಿ ಉಡುವುದು ಅಲ್ಲೇ, ಊರಿಗೆ ಫೋನ್ ಮಾಡುವುದು, ಹೆಂಡತಿಯ ಹತ್ತಿರ ಜಗಳ ಮಾಡುವುದು, ಅಳುವುದು, ದೇವರಿಗೆ ಕೈ ಮುಗಿಯುವುದು ಎಲ್ಲ ಅಲ್ಲೇ. ಹಗಲು ಅದು ನಿಮ್ಮ ಹೋಟೆಲು. ರಾತ್ರಿ ಅದು ಅವನ ಮನೆ. ಕೆಲಸದ ಜಾಗದಲ್ಲಿ ಖಾಸಗಿ ಎನ್ನುವುದೇನೂ ಇಲ್ಲ ಎಂದು ನೀವು ಹೇಳುತ್ತೀರಲ್ಲ, ಆ ಮಾತು ಹನ್ನೆರಡು ಗಂಟೆಯ ನಂತರ ಹೇಗೆ ನಿಲ್ಲುತ್ತದೆ?

ಮೊದಲು ಗಲ್ಲೆಗೆ ಒಂದು, ಬಾಗಿಲಿಗೆ ಒಂದು ಇರುತ್ತಿತ್ತು. ಈಗ ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಅಗ್ಗಕ್ಕೆ ವೈಫೈ ಕ್ಯಾಮೆರಾ ಸಿಗುತ್ತದೆ. ಬಲ್ಬಿನ ಹೋಲ್ಡರ್‌ಗೇ ಸಿಕ್ಕಿಸುವಂಥದ್ದೂ ಇದೆ. ಕತ್ತಲೆಯಲ್ಲೂ ಕಾಣುತ್ತದೆ, ಮಾತೂ ಕೇಳುತ್ತದೆ, ಆ ಕಡೆಯಿಂದ ಮಾತಾಡಲಿಕ್ಕೂ ಆಗುತ್ತದೆ. ಊರಿನಲ್ಲಿ ಕುಳಿತ ಸೇಠ್ರು ಮೊಬೈಲಿನಲ್ಲಿ ಮುಂಬಯಿಯ ಖೋಲಿ ನೋಡುತ್ತಾರೆ. ಮನೆಯಲ್ಲಿ ಕೋಲ ನಡೆಯುತ್ತಿದ್ದರೂ ಒಂದು ಕಣ್ಣು ಮೊಬೈಲಿನ ಮೇಲೆ! ನಡುರಾತ್ರಿ ಗೋಡೆಯಿಂದ ಒಮ್ಮೆಲೇ ಧ್ವನಿ ಬರುತ್ತದೆ, "ಏಯ್, ಲೈಟ್ ಆರಿಸಿ ಮಲಗ್ರೋ" ಎಂದು. ಹೊಸ ಹುಡುಗರು ಬೆಚ್ಚಿ ಬೀಳುತ್ತಾರೆ. ಹಳಬರು ನಗುತ್ತಾರೆ. ನಾನೂ ನಕ್ಕಿದ್ದಿದೆ. ಆದರೆ ಅಂದಿನಿಂದ ಆ ಖೋಲಿಯಲ್ಲಿ ಯಾರೂ ಮನೆಗೆ ಫೋನ್ ಮಾಡುವುದಿಲ್ಲ. ಮಳೆಯಲ್ಲೂ ಫುಟ್‌ಪಾತಿಗೆ ಹೋಗಿ ಮಾತಾಡುತ್ತಾರೆ.

ನಾನು ಕಣ್ಣಾರೆ ಕಂಡ ಒಂದು ಸಂಗತಿ ಬರೆಯುತ್ತೇನೆ. ನಮ್ಮಲ್ಲಿ ಒಬ್ಬ ವೇಟರ್ ಇದ್ದ. ಚುರುಕು ಹುಡುಗ. ಗಿರಾಕಿಗಳು ಅವನ ಟೇಬಲನ್ನೇ ಕೇಳಿ ಕೂರುತ್ತಿದ್ದರು. ಚೌತಿಗೆ ಊರಿಗೆ ಹೋಗಬೇಕೆಂದು ಟಿಪ್ಸ್ ಕೂಡಿಟ್ಟಿದ್ದ. ಒಂದು ರಾತ್ರಿ ಹಾಸಿಗೆಯ ಮೇಲೆ ಕೂತು ಅದನ್ನು ಎಣಿಸಿದ. ಅಷ್ಟೇ ಅವನು ಮಾಡಿದ್ದು. ಸ್ವಲ್ಪ ಹೊತ್ತಿಗೆ ನನಗೆ ಫೋನ್ ಬಂತು. "ಅವನ ಕೈಯಲ್ಲಿ ಅಷ್ಟು ದುಡ್ಡು ಎಲ್ಲಿಂದ ಬಂತು?" ಗಲ್ಲೆಯ ಲೆಕ್ಕ ಪೈಸೆಗೆ ಪೈಸೆ ಸರಿ ಇತ್ತು. ಹೇಳಿದೆ. ಸೇಠ್ರಿಗೆ ಸಮಾಧಾನ ಆಗಲಿಲ್ಲ. ಬೆಳಿಗ್ಗೆ ಅವರ ಅಳಿಯ ಬಂದು, ಎಲ್ಲರ ಎದುರು, ಕಿಚನ್‌ನವರು ಸಹ ನೋಡುತ್ತಿರುವಾಗ, ಹುಡುಗನ ಬ್ಯಾಗ್ ಕೊಡವಿದರು. ಒಳಚಡ್ಡಿ, ತಾಯಿಯ ಫೋಟೋ, ಒಂದು ಮದ್ದಿನ ಸ್ಟ್ರಿಪ್ಪು ನೆಲಕ್ಕೆ ಬಿತ್ತು. ಕಳ್ಳತನದ್ದು ಎನ್ನುವಂಥದ್ದು ಏನೂ ಸಿಗಲಿಲ್ಲ. "ಆಯ್ತು, ಕೆಲಸಕ್ಕೆ ಹೋಗು" ಎಂದರು. ತಪ್ಪಾಯಿತು ಎಂದು ಒಂದು ಮಾತಿಲ್ಲ.

ಅಲ್ಲಿಗೆ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದನೇನೋ. ಆದರೆ ಅವನು ನೋಟು ಎಣಿಸುವ ಆ ವಿಡಿಯೋ ಅಷ್ಟೊತ್ತಿಗೆ ಮಾಲೀಕರ ವಾಟ್ಸಾಪ್ ಗ್ರೂಪಿಗೆ ಹೋಗಿಯಾಗಿತ್ತು. ಕೆಳಗೆ ಒಂದು ಸಾಲು: "ಇವನ ಮೇಲೆ ನಿಗಾ ಇರಲಿ." ಬ್ಯಾಗಿನಲ್ಲಿ ಏನೂ ಸಿಗಲಿಲ್ಲ ಎನ್ನುವ ಸಾಲನ್ನು ಯಾರೂ ಹಾಕಲಿಲ್ಲ. ಹುಡುಗ ಕೆಲಸ ಬಿಟ್ಟ. ಮುಲುಂಡ್‌ನಲ್ಲಿ ಸೇರಿದ. ಮೂರನೇ ದಿನ ಅಲ್ಲಿಯ ಕ್ಯಾಪ್ಟನ್ (ವೇಟರ್‌ಗಳ ಮೇಲಿನವನು) ಅವನದೇ ವಿಡಿಯೋ ಅವನಿಗೆ ತೋರಿಸಿ, ಬೇಡ ಮಾರಾಯ, ಹೋಗು ಎಂದ. ಈಗ ಅವನು ಭಿವಂಡಿಯ ಗೋದಾಮಿನಲ್ಲಿ ಪಾರ್ಸೆಲ್ ಎತ್ತುತ್ತಾನೆ. ಮೊನ್ನೆ ಸಿಕ್ಕಿದ್ದ. ಅಲ್ಲಿ ಕ್ಯಾಮೆರಾ ಇಲ್ವಾ ಎಂದು ಕೇಳಿದೆ. "ಇಲ್ಲಿಗಿಂತ ಜಾಸ್ತಿ ಇದೆ ಅಣ್ಣ. ಮಲಗುವ ಖೋಲಿಯಲ್ಲಿ ಮಾತ್ರ ಇಲ್ಲ" ಎಂದ.

ಆ ಗ್ರೂಪುಗಳ ಬಗ್ಗೆ ಇನ್ನೊಂದು ಮಾತು. ಅಡ್ವಾನ್ಸ್ ತೆಗೆದುಕೊಂಡು ಓಡಿಹೋದ ಹುಡುಗರ ಫೋಟೋ, ಆಧಾರ್ ಕಾರ್ಡಿನ ಎರಡೂ ಬದಿ, ಊರಿನ ವಿಳಾಸ, ಅಪ್ಪನ ಹೆಸರು ಎಲ್ಲವನ್ನೂ ಅಲ್ಲಿ ಹಾಕುತ್ತೀರಿ. ನಿಮ್ಮ ಸಂಕಟ ಅರ್ಥವಾಗುತ್ತದೆ. ದುಡ್ಡು ಹೋದದ್ದು ನಿಮ್ಮದು. ಅದಕ್ಕೆ ಪೊಲೀಸ್ ಠಾಣೆ ಇದೆ. ನೂರಾರು ಜನರ ಫೋನಿಗೆ ಒಬ್ಬನ ಆಧಾರ್ ಹೋದ ಮೇಲೆ ಅದು ಯಾರ ಕೈಗೆ ಸಿಕ್ಕಿ ಯಾವ ಸಿಮ್ ಕಾರ್ಡಿಗೆ, ಯಾವ ಸಾಲಕ್ಕೆ ಬಳಕೆ ಆಗುತ್ತದೆ ಎಂದು ನೀವು ಹೇಳಬಲ್ಲಿರಾ?

ಈಗ ಕೋರ್ಟಿನ ಮಾತಿಗೆ ಬರುತ್ತೇನೆ. ಇದನ್ನು ನಿಮಗೆ ನೆನಪಿಸಬೇಕೆಂದೇ ಪೆನ್ನು ಹಿಡಿದದ್ದು.

2016 ರಲ್ಲಿ ಮಹಾರಾಷ್ಟ್ರ ಸರ್ಕಾರ ಡ್ಯಾನ್ಸ್ ಬಾರ್‌ಗಳಿಗೆ ಹೊಸ ಕಾನೂನು ತಂದಿತು. ಅದರ ನಿಯಮಗಳಲ್ಲಿ ಬಾರಿನ ಒಳಗೆ ಸಿಸಿಟಿವಿ ಕಡ್ಡಾಯ ಎಂದಿತ್ತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದದ್ದು ಯಾರು? ಹೋಟೆಲ್ ಮಾಲೀಕರ ಸಂಘ. ನಾವೆಲ್ಲ 'ಆಹಾರ್' ಎಂದು ಕರೆಯುವ ಇಂಡಿಯನ್ ಹೋಟೆಲ್ ಆಂಡ್ ರೆಸ್ಟೋರೆಂಟ್ ಅಸೋಸಿಯೇಶನ್. 2019 ರ ಜನವರಿ 17 ರಂದು ನ್ಯಾಯಮೂರ್ತಿ ಎ.ಕೆ. ಸಿಕ್ರಿ ಮತ್ತು ನ್ಯಾಯಮೂರ್ತಿ ಅಶೋಕ್ ಭೂಷಣ್ ಅವರ ಪೀಠ ತೀರ್ಪು ಕೊಟ್ಟಿತು. ಒಳಗೆ ಕ್ಯಾಮೆರಾ ಕಡ್ಡಾಯ ಮಾಡುವುದು ಜನರ ಖಾಸಗಿತನಕ್ಕೆ ಧಕ್ಕೆ ಎಂದು ಹೇಳಿ ಆ ಷರತ್ತನ್ನು ಹೊಡೆದುಹಾಕಿತು. ಅಂದು ನಮ್ಮ ಲೈನಿನಲ್ಲಿ ಎಷ್ಟು ಮಂದಿ ಪೇಢೆ ಹಂಚಿದರು ಎಂದು ನನಗೆ ನೆನಪಿದೆ.

ಆ ತೀರ್ಪಿಗೆ ಆಧಾರ ಯಾವುದು? 2017 ರ ಆಗಸ್ಟ್ 24 ರ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು. ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದ ತೀರ್ಪು ಅದು. ಆ ಕೇಸು ಹಾಕಿದ್ದು ನಮ್ಮವರೇ ಆದ ಕೆ.ಎಸ್. ಪುಟ್ಟಸ್ವಾಮಿಯವರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012 ರಲ್ಲಿ, ಆಧಾರ್ ಯೋಜನೆಯ ವಿರುದ್ಧ ಕೋರ್ಟಿಗೆ ಹೋದವರು. ಕರ್ನಾಟಕದ ಒಬ್ಬ ಹಿರಿಯರು ಹಾಕಿದ ಅಡಿಪಾಯದ ಮೇಲೆ ನಿಂತು ಮುಂಬಯಿಯ ಹೋಟೆಲ್ ಮಾಲೀಕರು ಗೆದ್ದರು. ಸಂತೋಷ. ಬಾರಿಗೆ ಬರುವ ಗಿರಾಕಿಗೆ ಖಾಸಗಿತನ ಇದೆ ಎಂದು ವಾದ ಮಾಡಿ ಗೆದ್ದವರ ಲೈನಿನಲ್ಲೇ, ಅದೇ ಗಿರಾಕಿಗೆ ಪ್ಲೇಟ್ ತಂದಿಡುವವನ ಹಾಸಿಗೆಯ ಮೇಲೆ ಕ್ಯಾಮೆರಾ ಇದ್ದರೆ ಅದಕ್ಕೆ ಏನು ಹೇಳುವುದು?

"ನಮ್ಮದು ಇಡ್ಲಿ ದೋಸೆ ಹೋಟೆಲು, ಆ ಬಾರಿನ ಕೇಸಿಗೂ ನಮಗೂ ಸಂಬಂಧ ಇಲ್ಲ" ಎಂದು ಕೆಲವರು ಹೇಳುತ್ತೀರಿ. ಸರಿ. ಬಾರಿನ ಗಿರಾಕಿಗೆ ಇರುವ ಮಾನ ಇಡ್ಲಿ ಹೋಟೆಲಿನ ಹುಡುಗನಿಗೆ ಕಮ್ಮಿ ಆಗುತ್ತದಾ? ಮತ್ತೆ ಕೆಲವರು, ಅದು ಸರ್ಕಾರದ ವಿರುದ್ಧದ ಹಕ್ಕು, ನಮ್ಮ ಮನೆ ಹೋಟೆಲಿಗೆ ಅದು ಬರುವುದಿಲ್ಲ ಎನ್ನುತ್ತೀರಿ. ವಕೀಲರು ಹಾಗೆ ವಾದ ಮಾಡುತ್ತಿದ್ದದ್ದು ನಿಜ. ಆದರೆ 2023 ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ, ಬಹುಮತದಿಂದ, ಸಂವಿಧಾನದ 19 ಮತ್ತು 21 ನೇ ವಿಧಿಯ ಹಕ್ಕುಗಳು (ಖಾಸಗಿತನವೂ ಇವುಗಳಲ್ಲೇ ಬರುತ್ತದೆ) ಸರ್ಕಾರವಲ್ಲದವರ ವಿರುದ್ಧವೂ ನಿಲ್ಲುತ್ತವೆ ಎಂದಿದೆ. ಇರಲಿ, ಅಷ್ಟು ದೊಡ್ಡ ಕಾನೂನಿನವರೆಗೆ ಹೋಗುವ ಅಗತ್ಯವೇ ಇಲ್ಲ. ಸಣ್ಣ ಸೆಕ್ಷನ್ನುಗಳೇ ಸಾಕು.

ಐಟಿ ಕಾಯಿದೆಯಲ್ಲಿ 66ಇ ಎಂಬ ಸೆಕ್ಷನ್ ಇದೆ. ಒಬ್ಬರ ದೇಹದ ಗುಪ್ತ ಭಾಗದ ಚಿತ್ರವನ್ನು, ಒಳಉಡುಪಿನಲ್ಲಿದ್ದರೂ ಸರಿ, ಅವರ ಒಪ್ಪಿಗೆ ಇಲ್ಲದೆ ಬೇಕೆಂದೇ ತೆಗೆಯುವುದು, ಕಳಿಸುವುದು ಅಪರಾಧ. 3 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಗಂಡು ಹೆಣ್ಣು ಎಂಬ ಭೇದ ಆ ಸೆಕ್ಷನ್ನಿನಲ್ಲಿ ಇಲ್ಲ. ಹುಡುಗರು ದಿನಕ್ಕೆ ಎರಡು ಸಲ ಯೂನಿಫಾರಂ ಬದಲಿಸುವ ಖೋಲಿಯಲ್ಲಿ ಕ್ಯಾಮೆರಾ ಇಟ್ಟುಕೊಂಡು, "ಗಂಡಸರಿಗೆ ಎಂಥ ನಾಚಿಕೆ" ಎಂದು ನಗುವವರು ಈ ಸೆಕ್ಷನ್ ಒಮ್ಮೆ ಓದಿ.

ಹೆಂಗಸರ ವಿಷಯದಲ್ಲಿ ಇನ್ನೂ ಬಿಗಿ ಇದೆ. ಈಗ ತರಕಾರಿ ಹೆಚ್ಚಲು, ಚಪಾತಿ ಲಟ್ಟಿಸಲು, ಸಫಾಯಿಗೆ ಹೆಂಗಸರು ಬರುತ್ತಾರೆ. ಅವರಿಗೆ ಬಟ್ಟೆ ಬದಲಿಸಲು ಜಾಗ ಎಲ್ಲಿ? ಎಷ್ಟೋ ಕಡೆ ಸ್ಟೋರ್ ರೂಮಿನಲ್ಲಿ, ಅಕ್ಕಿ ಮೂಟೆಯ ಮರೆಯಲ್ಲಿ. ಅದೇ ಸ್ಟೋರ್ ರೂಮಿಗೆ ಗೋಡಂಬಿ, ತುಪ್ಪ ಕದಿಯುತ್ತಾರೆ ಎಂದು ಕ್ಯಾಮೆರಾ. ಮೂಲೆಯಲ್ಲಿರುವ ಆ ಕಪ್ಪು ಗುಂಡಿಯ ಬಗ್ಗೆ ಅವರಿಗೆ ಯಾರೂ ಹೇಳಿಲ್ಲ. ನಾನು ಒಂದು ಹೋಟೆಲಿನಲ್ಲಿ ಇದನ್ನು ಕಂಡು, ಅವತ್ತೇ ಅದರ ಮೇಲೆ ಗೋಣಿ ಹಾಕಿ ಬಂದೆ. ಸೇಠ್ರಿಗೆ ಕೋಪ ಬಂತು. ಬರಲಿ. ಹೆಣ್ಣುಮಗಳನ್ನು ಅಂಥ ಹೊತ್ತಿನಲ್ಲಿ ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77 ನೇ ಸೆಕ್ಷನ್ನಿನಲ್ಲಿ ಅಪರಾಧ. ಮೊದಲ ಸಲಕ್ಕೇ 1 ರಿಂದ 3 ವರ್ಷ ಜೈಲು. ನನ್ನ ಉದ್ದೇಶ ಗೋಡಂಬಿ ಕಾಯುವುದಿತ್ತು ಎಂದು ಕೋರ್ಟಿನಲ್ಲಿ ಹೇಳಿ ನೋಡಿ, ಎಷ್ಟು ಜನ ನಂಬುತ್ತಾರೆ ಎಂದು.

ಜನರ ವೈಯಕ್ತಿಕ ಮಾಹಿತಿ ಕಾಪಾಡುವ ಹೊಸ ಡೇಟಾ ಕಾನೂನಿನ ಬಗ್ಗೆಯೂ ಕೇಳಿರುತ್ತೀರಿ. 2023 ರಲ್ಲಿ ಪಾಸಾಯಿತು. ಅದರ ನಿಯಮಗಳು 2025 ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಭಾಗ 18 ತಿಂಗಳ ನಂತರ, ಎಂದರೆ 2027 ರ ಮೇ ತಿಂಗಳಲ್ಲಿ ಜಾರಿ. 250 ಕೋಟಿವರೆಗೆ ದಂಡ ಎಂದು ಫಾರ್ವರ್ಡ್ ಮೆಸೇಜ್ ಓದಿ ಕೆಲವರು ಹೆದರಿದ್ದೀರಿ. ನಾನು ಆ ಹೆದರಿಕೆ ಹಾಕಲು ಬಂದಿಲ್ಲ. ಅದು ಮಾಹಿತಿಯನ್ನು ಭದ್ರವಾಗಿ ಇಡದೇ ಹೋದರೆ ಹಾಕಬಹುದಾದ ಗರಿಷ್ಠ ದಂಡ. ಚಹಾ ಹೋಟೆಲಿಗೆ ಯಾರೂ ಅಷ್ಟು ಹಾಕಲಾರರು. ನಿಜ ಹೇಳಬೇಕೆಂದರೆ, ಆ ಕಾನೂನು ಕೆಲಸಗಾರನಿಗಿಂತ ನಿಮ್ಮ ಕಡೆಗೇ ಸ್ವಲ್ಪ ವಾಲಿದೆ. ಅದರ 7 ನೇ ಸೆಕ್ಷನ್ ಪ್ರಕಾರ, ಉದ್ಯೋಗದ ಕಾರಣಕ್ಕೆ, ಮಾಲೀಕರಿಗೆ ನಷ್ಟ ಆಗದಿರಲು, ಕೆಲಸಗಾರನ ಮಾಹಿತಿಯನ್ನು ಅವನ ಒಪ್ಪಿಗೆ ಇಲ್ಲದೆಯೂ ಬಳಸಬಹುದು. ನನ್ನ ಬಗ್ಗೆ ಏನೇನು ಇಟ್ಟುಕೊಂಡಿದ್ದೀರಿ ತೋರಿಸಿ ಎಂದು ಕೇಳುವ ಹಕ್ಕು ಒಪ್ಪಿಗೆ ಕೊಟ್ಟವರಿಗೆ ಸಿಗುತ್ತದೆ. ಒಪ್ಪಿಗೆಯನ್ನೇ ಕೇಳದಿದ್ದರೆ ಆ ಹಕ್ಕೂ ಇಲ್ಲ. ದಂಡ ಬಿದ್ದರೂ ಆ ದುಡ್ಡು ಸರ್ಕಾರದ ಖಜಾನೆಗೆ, ಹುಡುಗನ ಕೈಗೆ ನಯಾಪೈಸೆ ಇಲ್ಲ. ಕಾನೂನು ಇಷ್ಟು ಸಡಿಲ ಇರುವುದರಿಂದಲೇ ನಿಮಗೆ ಬರೆಯುತ್ತಿದ್ದೇನೆ. ಆದರೂ ಒಂದು ನೆನಪಿರಲಿ, ನಷ್ಟ ತಪ್ಪಿಸಲು ಎಂದು ಕಾನೂನು ಹೇಳುತ್ತದೆ. ಶಟರ್ ಹಾಕಿ, ಗಲ್ಲೆ ಖಾಲಿ ಮಾಡಿ, ದುಡ್ಡು ಮನೆಗೆ ಒಯ್ದ ಮೇಲೆ ಲುಂಗಿ ಉಟ್ಟು ಮಲಗಿದವನಿಂದ ನಿಮಗೆ ಆಗುವ ನಷ್ಟ ಯಾವುದು?

ಇನ್ನು ಫೋನು. ಡ್ಯೂಟಿಯಲ್ಲಿ ಫೋನ್ ಬೇಡ, ಗಲ್ಲೆಯ ಡ್ರಾವರಿನಲ್ಲಿ ಇಡಿ ಎನ್ನುವುದು ನ್ಯಾಯ. ಸಾರು ಬಡಿಸುವ ಕೈಯಲ್ಲಿ ರೀಲ್ಸ್ ಓಡುವುದು ನನಗೂ ಆಗುವುದಿಲ್ಲ. ಆದರೆ ಲಾಕ್ ತೆಗೆಸಿ ಗ್ಯಾಲರಿ ನೋಡುವುದು, ಯಾರ ಹತ್ತಿರ ಎಷ್ಟು ಹೊತ್ತು ಮಾತಾಡಿದ ಎಂದು ನೋಡುವುದು ಯಾವ ಲೆಕ್ಕ? ಈಗ ಟಿಪ್ಸ್ ಕೂಡ ಫೋನಿಗೇ ಬರುತ್ತದೆ. ಗಿರಾಕಿ ವೇಟರಿನ ನಂಬರ್ ಕೇಳಿ ಜಿಪೇ ಮಾಡುತ್ತಾರೆ. ಬಿಲ್ಲಿನ ದುಡ್ಡನ್ನೇ ತನ್ನ ಖಾತೆಗೆ ಹಾಕಿಸಿಕೊಂಡ ಎಂಬ ಅನುಮಾನ ಬರುವುದು ಸಹಜ. ಅಂಥ ಕೇಸುಗಳೂ ಆಗಿವೆ, ಅಲ್ಲಗಳೆಯುವುದಿಲ್ಲ. ಅದಕ್ಕೆ ಬಿಲ್ಲಿನ ನಂಬರ್ ಮತ್ತು ಹೋಟೆಲಿನ ಖಾತೆಗೆ ಬಂದ ಜಮೆ ತಾಳೆ ನೋಡಿದರೆ ಸಾಕು. ದಿನಾ ರಾತ್ರಿ ನಾನು ಮಾಡುವುದು ಅದನ್ನೇ. ಹುಡುಗನ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆಸಿದರೆ ಏನು ಕಾಣುತ್ತದೆ? ತಂಗಿಯ ಫೀಸು, ಸೊಸೈಟಿ ಸಾಲ, ಆಸ್ಪತ್ರೆಯ ಬಿಲ್ಲು. ಒಬ್ಬನಿಗೆ ಊರಿನಲ್ಲಿ ಎರಡು ಸಾಲ ಇದೆ ಎಂದು ಹೀಗೆಯೇ ಗೊತ್ತಾಗಿ, ಇಡೀ ಕಿಚನ್ ಅವನನ್ನು ಸಾಲಗಾರ ಎಂದು ಕರೆಯಲು ಶುರು ಮಾಡಿತು.

ನಿಮ್ಮಲ್ಲಿ ಹಲವರು ಇದೇ ಮೋರಿಯಿಂದ ಮೇಲೆ ಬಂದವರು. ಆಗ ಪ್ರತಿಯೊಬ್ಬ ಹುಡುಗನಿಗೂ ಒಂದು ತಗಡಿನ ಟ್ರಂಕು ಇರುತ್ತಿತ್ತು. ಅದಕ್ಕೆ ಒಂದು ಸಣ್ಣ ಬೀಗ. ಎಷ್ಟೇ ಜೋರಿನ ಧಣಿಯಾದರೂ ಆ ಬೀಗ ಮುಟ್ಟುತ್ತಿರಲಿಲ್ಲ. ಬೈಯುತ್ತಿದ್ದರು, ಹೊಡೆದದ್ದೂ ಇದೆ, ಟ್ರಂಕು ಮಾತ್ರ ಅವನದ್ದು. ಈಗ ಹುಡುಗನ ಟ್ರಂಕು ಅವನ ಫೋನಿನೊಳಗೆ ಇದೆ, ಅಷ್ಟೇ.

ಹಾಜರಿಯ ಮೆಷಿನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ದಿನವಿಡೀ ಸೋಪಿನ ನೀರಿನಲ್ಲಿ ಕೈ ಇಟ್ಟವನ ಬೆರಳು ನೆರಿಗೆ ಬಿದ್ದು ಮೆಷಿನ್‌ಗೆ ಹತ್ತುವುದಿಲ್ಲ. ದೋಸೆ ಹೊಯ್ಯುವವನ ಬೆರಳು ಸುಟ್ಟು ಸವೆದಿರುತ್ತದೆ. ಮೆಷಿನ್ ಒಪ್ಪದಿದ್ದರೆ ಅರ್ಧ ದಿನ ಕಟ್. ಅದಕ್ಕೆ ಈಗ ಮುಖ ನೋಡುವ ಮೆಷಿನ್ ಬಂದಿದೆ. ಕೆಲಸ ಬಿಟ್ಟು ಹೋದವರ ಬೆರಳು, ಮುಖ ಎಲ್ಲ ಅದರಲ್ಲಿ ಹಾಗೇ ಕೂತಿದೆ. ಅದನ್ನು ಹಾಕಿಕೊಟ್ಟವನ ಹತ್ತಿರವೂ ಒಂದು ಕಾಪಿ ಇದೆಯೋ ಏನೋ, ಕೇಳಿದವರಿಲ್ಲ. ಹದಿನೈದು ಜನರ ಹೋಟೆಲಿಗೆ ಹಾಜರಿ ಪುಸ್ತಕ ಸಾಕಲ್ವಾ? ನಾನು ಎಲ್ಲರ ಮುಖ ಬಲ್ಲೆ.

ಮೆಡಿಕಲ್ ಸರ್ಟಿಫಿಕೇಟ್ ವಿಷಯ ಇದಕ್ಕಿಂತ ಸೂಕ್ಷ್ಮ. ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು ಎಂದು ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ನಿಯಮ ಇದೆ. ಒಳ್ಳೆಯ ನಿಯಮ. ಮಾಡಿಸಲೇಬೇಕು. ಆದರೆ ಅಧಿಕಾರಿ ಬಂದು ಕೇಳಿದಾಗ ತೋರಿಸಬೇಕಾದ ಫೈಲು ಅದು. ಲ್ಯಾಬಿನ ಪಿಡಿಎಫ್ ಸೀದಾ ಸ್ಟಾಫ್ ಗ್ರೂಪಿಗೆ ಬಂದು, ಯಾರಿಗೆ ಚರ್ಮದ ಕಾಯಿಲೆ, ಯಾರಿಗೆ ಏನು ಎಂದು ಮೋರಿಯವನೂ ಓದುವಂತಾಗಬಾರದು. ಕೆಲವರು "ಎಲ್ಲ ಟೆಸ್ಟೂ ಮಾಡಿಸಿಬಿಡಿ" ಎಂದು ಎಚ್‌ಐವಿ ಟೆಸ್ಟನ್ನೂ ಸೇರಿಸುತ್ತಾರೆ. ಕೆಲಸಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ಟೆಸ್ಟ್ ಕೇಳುವುದನ್ನು 2017 ರ ಎಚ್‌ಐವಿ ಏಡ್ಸ್ ಕಾಯಿದೆ ನಿಷೇಧಿಸಿದೆ. 2018 ರ ಸೆಪ್ಟೆಂಬರ್‌ನಿಂದ ಅದು ಜಾರಿಯಲ್ಲಿದೆ.

ನನ್ನ ವಿನಂತಿಗಳನ್ನು ಈಗ ಹೇಳುತ್ತೇನೆ. ಮಲಗುವ ಖೋಲಿ, ಮಾಳಿಗೆ, ಬಟ್ಟೆ ಬದಲಿಸುವ ಜಾಗ, ಬಾತ್‌ರೂಮಿನ ಹಾದಿ ಇಲ್ಲೆಲ್ಲ ಇರುವ ಕ್ಯಾಮೆರಾ ತೆಗೆಸಿ. ಇದರಲ್ಲಿ ಚೌಕಾಸಿ ಇಲ್ಲ. ಹುಡುಗರು ಹಾಲ್‌ನಲ್ಲೇ ಮಲಗುವ ಹೋಟೆಲುಗಳಲ್ಲಿ ಶಟರ್ ಇಳಿದ ಮೇಲೆ ಹಾಲ್‌ನ ಕ್ಯಾಮೆರಾ ಬಂದ್ ಆಗಲಿ. ಗಲ್ಲೆ ಮತ್ತು ಶಟರ್ ನೋಡುವ ಎರಡು ಇದ್ದರೆ ಕಳ್ಳರಿಗೆ ಸಾಕು. ಹೊಸ ಖರ್ಚಿಲ್ಲ, ಹೆಚ್ಚಿನ ರೆಕಾರ್ಡರ್‌ಗಳಲ್ಲಿ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಎಂದು ಟೈಮ್ ಹಾಕಬಹುದು. ಚಿತ್ರದ ಒಂದು ಭಾಗವನ್ನು ಕಪ್ಪು ಮಾಡುವ ಸೆಟ್ಟಿಂಗೂ ಇರುತ್ತದೆ. ಹಾಕಿಕೊಟ್ಟ ಮನುಷ್ಯನನ್ನು ಕರೆಸಿ ಹೇಳಿ, ಮಾಡಿಕೊಡುತ್ತಾನೆ. ಮಾತು ಕೇಳುವ ಮೈಕನ್ನು ಎಲ್ಲ ಕಡೆಯೂ ಆಫ್ ಮಾಡಿಸಿ. ಅವನು ಹಾಕಿಕೊಟ್ಟ ಪಾಸ್‌ವರ್ಡ್ ಬದಲಿಸಿ. ಅದು ಇವತ್ತಿಗೂ ಅವನಿಗೆ, ನಿಮ್ಮ ಮಗನಿಗೆ, ಅಳಿಯನಿಗೆ, ಕೆಲಸ ಬಿಟ್ಟುಹೋದ ಹಳೇ ಮ್ಯಾನೇಜರಿಗೆ ಗೊತ್ತಿದೆ. ಯಾರು ನೋಡಬಹುದು ಎನ್ನುವುದು ಒಬ್ಬಿಬ್ಬರಿಗೆ ಸೀಮಿತ ಇರಲಿ.

ರೆಕಾರ್ಡಿಂಗ್ ಹೋಟೆಲಿನಿಂದ ಹೊರಗೆ ಹೋಗುವುದಾದರೆ ಪೊಲೀಸರಿಗೆ ಮಾತ್ರ ಹೋಗಲಿ. ಯಾವ ಗ್ರೂಪಿಗೂ ಬೇಡ. ಆಧಾರ್ ಒರಿಜಿನಲ್ ಹಿಡಿದಿಟ್ಟುಕೊಂಡವರು ಈ ತಿಂಗಳೊಳಗೆ ವಾಪಸ್ ಕೊಡಿ. ಹುಡುಗರ ಗುರುತು ಪೊಲೀಸರ ಹತ್ತಿರ ನೋಂದಾಯಿಸಬೇಕಾದಲ್ಲಿ ನೋಂದಾಯಿಸಿ, ಬೇಡ ಅನ್ನುವುದಿಲ್ಲ. ನಿಮ್ಮ ಫೈಲಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ, ಅದರ ಪ್ರಿಂಟ್ ಸಾಕು. ಕೆಲಸ ಬಿಟ್ಟವರ ಬೆರಳಚ್ಚು, ಫೋಟೋ ಅಳಿಸಿ.

ಇನ್ನೊಂದು. ಗಿರಾಕಿಗೆ "ನೀವು ಸಿಸಿಟಿವಿ ಕಣ್ಗಾವಲಿನಲ್ಲಿ ಇದ್ದೀರಿ" ಎಂದು ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಬೋರ್ಡು ಹಾಕುತ್ತೀರಿ. ಹುಡುಗರಿಗೆ ಏನೂ ಹೇಳುವುದಿಲ್ಲ. ಕೆಲಸಕ್ಕೆ ಸೇರುವಾಗ ಒಂದು ಹಾಳೆ ಕೊಡಿ: ಎಲ್ಲೆಲ್ಲಿ ಕ್ಯಾಮೆರಾ ಇದೆ, ಏನು ಇಟ್ಟುಕೊಳ್ಳುತ್ತೇವೆ, ಎಷ್ಟು ದಿನ ಇಟ್ಟುಕೊಳ್ಳುತ್ತೇವೆ, ಯಾರಿಗೆ ತೋರಿಸುತ್ತೇವೆ. ಕನ್ನಡದಲ್ಲಿ ಮಾತ್ರ ಬರೆದರೆ ಸಾಲದು. ನಮ್ಮೂರ ಹುಡುಗರು ಈಗ ಎಷ್ಟು ಮಂದಿ ಬರುತ್ತಾರೆ? ಒಡಿಶಾದವರು, ಜಾರ್ಖಂಡ್‌ನವರು, ನೇಪಾಳದವರೇ ಜಾಸ್ತಿ. ಅವರ ಭಾಷೆಯಲ್ಲೂ ಇರಲಿ. ಓದಲು ಬಾರದವರಿಗೆ ಮ್ಯಾನೇಜರ್ ಓದಿ ಹೇಳಲಿ. ಬ್ಯಾಗ್ ನೋಡಲೇಬೇಕಾದರೆ ಒಳಗೆ ಕರೆದು, ಅವನ ಎದುರೇ, ಅವನು ಹೇಳಿದ ಇನ್ನೊಬ್ಬನನ್ನು ಸಾಕ್ಷಿಗೆ ನಿಲ್ಲಿಸಿ ನೋಡಿ. ಏನೂ ಸಿಗದಿದ್ದರೆ ಅಷ್ಟೇ ಜನರ ಎದುರು ತಪ್ಪಾಯಿತು ಎನ್ನಿ.

ಸಂಘದ ಪ್ರತಿ ಮೀಟಿಂಗ್‌ನಲ್ಲೂ ಒಂದೇ ಗೋಳು ಕೇಳುತ್ತೇನೆ: ಹುಡುಗರು ಸಿಗುವುದಿಲ್ಲ, ಬಂದವರು ನಿಲ್ಲುವುದಿಲ್ಲ, ಎಲ್ಲರೂ ಡೆಲಿವರಿ ಕಂಪನಿಗೆ, ಗೋದಾಮಿಗೆ ಹೋಗುತ್ತಾರೆ. ಸಂಬಳವೂ ಕಾರಣ ಇರಬಹುದು. ಆದರೆ ನನ್ನ ಹತ್ತಿರ ಹೋಗುತ್ತೇನೆ ಎಂದು ಹೇಳಲು ಬಂದ ಹುಡುಗರು ಸಂಬಳಕ್ಕಿಂತ ಮೊದಲು ಎತ್ತುವ ಮಾತು ಖೋಲಿಯದ್ದು.

ಕೆಲಸಕ್ಕೆ ಹುಡುಗ ಬೇಕು ಎಂದು ನಿಮ್ಮಲ್ಲಿ ಎಷ್ಟೋ ಜನ ನನ್ನಂಥ ಮ್ಯಾನೇಜರ್‌ಗಳಿಗೇ ಫೋನ್ ಮಾಡುತ್ತೀರಿ. ನಾವು ನಾಲ್ಕಾರು ಹೋಟೆಲಿನ ಮ್ಯಾನೇಜರ್‌ಗಳು ಕೂತು ಮಾತಾಡಿಕೊಂಡಿದ್ದೇವೆ. ಇನ್ನು ಮುಂದೆ ಫೋನ್ ಬಂದಾಗ ನಾವು ಮೊದಲು ಕೇಳುವುದು ಒಂದೇ: ಮಲಗುವ ಜಾಗದಲ್ಲಿ ಕ್ಯಾಮೆರಾ ಇದೆಯಾ? ಇದೆ ಎಂದಾದರೆ ಹುಡುಗರನ್ನು ಕಳಿಸುವುದಿಲ್ಲ. ತೆಗೆಸಿದ್ದೇವೆ ಎಂದರೆ ಒಂದು ಸಲ ಬಂದು ನೋಡುತ್ತೇವೆ. ಆಮೇಲೆ ಕಳಿಸುತ್ತೇವೆ.

ಇಂತಿ ನಿಮ್ಮ ಲೈನಿನ,
ಒಬ್ಬ ಹೋಟೆಲ್ ಮ್ಯಾನೇಜರ್
ಮುಂಬಯಿ